ಫೈಲು ಯಾರ ಹತ್ರ ಇದೆ?

ಹಸು ಕಳೆದುಹೋದರೆ ಅಂಜನ ಹಾಕಿಸಲು ಓಡುವುದು ನಮ್ಮೂರ ಕಡೆಯ ರೂಢಿ. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಎಕ್ಸೆಲ್ ಫೈಲು ತೆರೆಯದಿದ್ದರೆ ನನ್ನ ಹತ್ತಿರ ಓಡಿ ಬರುತ್ತಾರೆ. ಅಂಜನದವನಿಗೆ ವೀಳ್ಯದೆಲೆ, ನನಗೆ ಕಮಾಂಡ್ ಬರೆಯುವ ಕಪ್ಪು ಪರದೆ. ದಕ್ಷಿಣೆ ಮಾತ್ರ ಅವನಿಗೇ.

ಜಿಎಸ್‌ಟಿ ರಿಟರ್ನ್ ಕಟ್ಟುವ 20ನೇ ತಾರೀಕು ಹತ್ತಿರ ಬಂತೆಂದರೆ ಈ ಸೇವೆಗೆ ಬೇಡಿಕೆ ಹೆಚ್ಚು. ಖರೀದಿ, ಮಾರಾಟ, ಸ್ಟಾಕು ಎಲ್ಲವೂ ಮೆಟ್ಟಿಲ ಕೆಳಗಿರುವ ಲಿನಕ್ಸ್ ಸರ್ವರಿನ ಒಂದೇ ಫೋಲ್ಡರಿನಲ್ಲಿ. ಸಾಂಬಾ ತಂತ್ರಾಂಶ ಅದನ್ನು ಎಲ್ಲರಿಗೂ ಹಂಚುತ್ತದೆ. ಒಬ್ಬರು ತೆರೆದು ಕೂತರೆ ಉಳಿದವರು ಓದಬಹುದು, ಬರೆಯುವಂತಿಲ್ಲ. ತೆರೆದವರ ಹೆಸರನ್ನು ಎಕ್ಸೆಲ್ಲೇ ಹೇಳುತ್ತದೆ, ನಿಜ. ಆದರೆ ಅದು ಹೇಳುವುದು ಆಫೀಸ್ ತಂತ್ರಾಂಶದಲ್ಲಿ ನಮೂದಾದ ಹೆಸರು. ನಮ್ಮಲ್ಲಿ ಅದನ್ನು ಹಾಕಿಕೊಟ್ಟ ಅಂಗಡಿ ಹುಡುಗ ಎಲ್ಲ ಸಿಸ್ಟಮ್ಮಿಗೂ ‘ಅಡ್ಮಿನ್’ ಎಂದೇ ಹೊಡೆದು ಹೋಗಿದ್ದಾನೆ. ಅಡ್ಮಿನ್ ಅಂದರೆ ಯಾರು? ನಾನೇ. ಹೀಗಾಗಿ ದೂರು ಕೊಡಲು ಬರುವವರೆಲ್ಲ ಮೊದಲು ನನ್ನನ್ನೇ ಅನುಮಾನದಿಂದ ನೋಡುತ್ತಾರೆ.

“ಸ್ವಲ್ಪ ನೋಡಿ ಸಾರ್, ಯಾರು ಹಿಡ್ಕೊಂಡಿದಾರೆ ಅಂತ” ಎಂದರು ಅಕೌಂಟ್ಸ್ ಮೇಡಂ.

‘ಸುಡೊ ಎಸ್‌ಎಂಬಿಸ್ಟೇಟಸ್’ ಎಂದು ಕೊಟ್ಟೆ. ಸರ್ವರಿಗೆ ಯಾರ್ಯಾರು ಸೇರಿಕೊಂಡಿದ್ದಾರೆಂದು ತೋರಿಸುವ ಕಮಾಂಡ್ ಅದು. ಪರದೆ ತುಂಬ ಪಟ್ಟಿ: ಪ್ರಾಸೆಸ್ ಸಂಖ್ಯೆ, ಯೂಸರ್, ಮಷೀನಿನ ವಿಳಾಸ, ಸರ್ವರಿನೊಡನೆ ಮಾತಾಡುವ ಭಾಷೆಯಾದ ಪ್ರೊಟೋಕಾಲ್. ಎಲ್ಲರ ಮುಂದೆಯೂ ಎಸ್‌ಎಂಬಿ 3 ಎಂದಿದ್ದರೆ ಮುದಿ ಸ್ಕ್ಯಾನರಿನ ಮುಂದೆ ಮಾತ್ರ ಎನ್‌ಟಿ1, ಅಂದರೆ ಹಳೇ ಎಸ್‌ಎಂಬಿ 1. 2017ರಲ್ಲಿ ಫೈಲುಗಳನ್ನು ಒತ್ತೆ ಇಟ್ಟು ದುಡ್ಡು ಕೇಳುವ ವಾನಾಕ್ರೈ ವೈರಸ್ ನುಗ್ಗಿದ್ದು ಈ ಹಳೇ ಬಾಗಿಲಿನಿಂದಲೇ. 2019ರ ಸಾಂಬಾ 4.11 ತಾನಾಗಿಯೇ ಅದಕ್ಕೆ ಬೀಗ ಹಾಕಿತ್ತು. ಹೊಸ ಸ್ಕ್ಯಾನರಿಗೆ ದುಡ್ಡಿಲ್ಲವೆಂದು ಎಂಡಿ ಸಾಹೇಬರು ಮತ್ತೆ ತೆಗೆಸಿದರು.

ಜೊತೆಗೆ ದೊಡ್ಡಕ್ಷರದ ‘ಎಲ್’ ಸೇರಿಸಿದರೆ ತೆರೆದ ಫೈಲುಗಳು ಮಾತ್ರ ಬರುತ್ತವೆ. ಮೇಡಂ ಕೇಳಿದ ಫೈಲಿನ ಸಾಲಿನಲ್ಲಿ ‘ಡಿನೈ ರೈಟ್’ ಇತ್ತು, ಅಂದರೆ ಬೇರೆಯವರು ಬರೆಯುವಂತಿಲ್ಲ. ಅಲ್ಲಿದ್ದ ಪ್ರಾಸೆಸ್ ಸಂಖ್ಯೆಯನ್ನು ಮೊದಲ ಪಟ್ಟಿಯಲ್ಲಿ ಹುಡುಕಿದರೆ ಯೂಸರ್ ‘ಅಕೌಂಟ್ಸ್’.

“ಅದು ನಾನೇ ಅಲ್ವಾ?”

ಅವರೂ ಹೌದು. ಪಾಸ್‌ವರ್ಡು ನೆನಪಿರುವುದಿಲ್ಲವೆಂದು ಸ್ಟೋರ್ಸಿನವರು, ಡಿಸ್ಪ್ಯಾಚಿನವರು, ಕಡೆಗೆ ಕ್ಯಾಂಟೀನ್ ಲೆಕ್ಕ ಬರೆಯುವವರೂ ಅದೇ ಹೆಸರಿನಲ್ಲಿ ಒಳಗೆ ಬರುತ್ತಾರೆ. ಉಳಿದದ್ದು ಐಪಿ ವಿಳಾಸ. ಅದನ್ನು ಹಿಡಿದು ಊರೂರು ಅಲೆದಂತೆ ಮೇಜು ಮೇಜು ಅಲೆದೆವು. ‘ನಾನಲ್ಲ ಸಾರ್, ಬೆಳಗ್ಗೆಯಿಂದ ಮುಟ್ಟೇ ಇಲ್ಲ’ ಎನ್ನುವವರ ಪರದೆಯಲ್ಲೇ ನಾಲ್ಕು ಎಕ್ಸೆಲ್ಲು. ಕಡೆಗೆ ಸಿಕ್ಕಿದ್ದು ಮೀಟಿಂಗ್ ರೂಮಿನಲ್ಲಿ. ಸೋಮವಾರದ ರಿವ್ಯೂ ಮುಗಿದ ಮೇಲೆ ಯಾರೋ ಶಿಸ್ತಾಗಿ ಟಿವಿ ಆಫ್ ಮಾಡಿದ್ದರು. ಅದರ ಹಿಂದಿನ ಸಿಪಿಯು ಫೈಲನ್ನು ಅಪ್ಪಿಕೊಂಡು ಹಾಗೇ ಕೂತಿತ್ತು.

ಕೂತಲ್ಲಿಂದಲೇ ಬಿಡಿಸಬಹುದಿತ್ತಲ್ಲ ಎನ್ನಬಹುದು. ಸಾಂಬಾದಲ್ಲಿ ಪ್ರತಿ ಮಷೀನಿಗೂ ಬೇರೆ ಪ್ರಾಸೆಸ್. ಆ ಸಂಖ್ಯೆಗೆ, ಪ್ರಾಸೆಸ್ ನಿಲ್ಲಿಸುವ ‘ಕಿಲ್’ ಕೊಟ್ಟರೆ ಅದೊಂದೇ ಆಚೆ ಹೋಗುತ್ತದೆ, ಅದರ ಸೇವ್ ಮಾಡದ ಲೆಕ್ಕವನ್ನೂ ಕರೆದುಕೊಂಡು ಹೋದರೂ ಹೋಗಬಹುದು. ಹಳೇ ಸಹೋದ್ಯೋಗಿಯೊಬ್ಬ ವಿಂಡೋಸ್ ಸರ್ವರಿನಲ್ಲಿ ‘ನೆಟ್ ಸೆಷನ್ ಡಿಲೀಟ್’ ಕೊಡುವಾಗ ಮಷೀನಿನ ಹೆಸರು ಬಿಟ್ಟ. ಹೆಸರಿಲ್ಲದಿದ್ದರೆ ಅದು ಎಲ್ಲರನ್ನೂ ಹೊರಗಟ್ಟುತ್ತದೆ. ಅವತ್ತು ಅವನು ಊಟಕ್ಕೆ ಕ್ಯಾಂಟೀನಿಗೆ ಬರಲಿಲ್ಲ.

ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ನನ್ನ ಬೆನ್ನ ಹಿಂದೆ ನಿಂತಿದ್ದ ಎಂಡಿ ಸಾಹೇಬರ ಕಣ್ಣು ‘ಕನೆಕ್ಟೆಡ್ ಅಟ್’ ಎಂಬ ಕಾಲಮ್ಮಿಗೆ ಬಿತ್ತು. “ಯಾರು ಎಷ್ಟೊತ್ತಿಗೆ ಬಂದ್ರು ಅಂತ ಇದರಲ್ಲೇ ಬರತ್ತಲ್ರೀ! ದಿನಾ ಒಂದು ಪ್ರಿಂಟು ಕೊಡಿ.”

ಸುದ್ದಿ ಸ್ಟೋರ್ಸಿಗೆ ಮುಟ್ಟಲು ಟೀ ಟೈಮಿನವರೆಗೂ ಕಾಯಬೇಕಾಗಲಿಲ್ಲ. ಫೈಲು ತೆರೆದಿದ್ದು ಸಿಸ್ಟಮ್ ನಿದ್ದೆಗೆ ಜಾರದಿದ್ದರೆ ಕನೆಕ್ಷನ್ ಕಡಿಯುವುದಿಲ್ಲ ಎಂಬುದನ್ನು ಅವರೇ ಕಂಡುಹಿಡಿದರು. ಈಗ ಸಂಜೆ ಎಲ್ಲರೂ ಒಂದೊಂದು ಎಕ್ಸೆಲ್ ತೆರೆದಿಟ್ಟು, ಮಾನಿಟರ್ ಮಾತ್ರ ಆರಿಸಿ ಮನೆಗೆ ಹೋಗುತ್ತಾರೆ. ಪ್ರಿಂಟಿನ ಪ್ರಕಾರ ಇಡೀ ಕಾರ್ಖಾನೆ ರಾತ್ರಿಯಿಡೀ ದುಡಿಯುತ್ತಿದೆ. ಬೆಳಗ್ಗೆ ಮೇಡಂಗೆ ಒಂದು ಫೈಲೂ ಸಿಗುತ್ತಿಲ್ಲ.

ನಿನ್ನೆ ಸಾಹೇಬರು ಕರೆಂಟ್ ಬಿಲ್ ಹಿಡಿದು ಬಂದರು. “ಇದು ಯಾಕೆ ಜಾಸ್ತಿ ಬಂತು ಅಂತ ನೋಡೋಕೂ ಒಂದು ಕಮಾಂಡ್ ಇರಬೇಕಲ್ವೇನ್ರೀ?”