ಹೊಲ ಇದ್ದವರ ಗದ್ದಿಗೆ, ಇಲ್ಲದವರ ಹಳ್ಳ

ಹೋದ ವಾರ ದೊಡ್ಡಪ್ಪನ ಮಣ್ಣಿಗೆ ಊರಿಗೆ ಹೋಗಿದ್ದೆ. ಗಂಗಾವತಿ ಕಡೆಯ ಊರು ನಮ್ಮದು. ‘ಮಣ್ಣಿಗೆ ಹೋಗ್ತಿದ್ದೀನಿ’ ಅಂದರೆ ಬೆಂಗಳೂರಿನ ಗೆಳೆಯರು ಮುಖ ನೋಡುತ್ತಾರೆ. ನಮ್ಮಲ್ಲಿ ಅಂತ್ಯಕ್ರಿಯೆಗೆ ಹೋಗುವುದಕ್ಕೆ ಅದೇ ಮಾತು.

ನಾವು ಲಿಂಗಾಯತರು. ಸುಡುವುದಿಲ್ಲ, ಹೂಳುತ್ತೇವೆ. ಅದೂ ಮಲಗಿಸಿ ಅಲ್ಲ, ಕೂರಿಸಿ. ದೊಡ್ಡಪ್ಪನಿಗೆ ಸ್ನಾನ ಮಾಡಿಸಿ, ಹಣೆಗೆ ತೋಳಿಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ರಾತ್ರಿಯೆಲ್ಲ ಭಜನೆ. ಮರುದಿನ ಹೂವು, ಬಾಳೆಕಂದು ಕಟ್ಟಿದ ವಿಮಾನದಲ್ಲಿ, ಅಂದರೆ ಅಲಂಕರಿಸಿದ ಚಟ್ಟದಲ್ಲಿ, ಹೊಲಕ್ಕೆ ಒಯ್ದರು. ಕುಣಿಯ ಒಂದು ಮಗ್ಗುಲಲ್ಲಿ ಗೂಡು ಕೊರೆದಿದ್ದರು. ಅದರೊಳಗೆ ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು, ಬಿಲ್ವಪತ್ರೆ, ವಿಭೂತಿ, ಉಪ್ಪು ಹಾಕಿ ಮುಚ್ಚಿದರು. ಮನುಷ್ಯ ಹೀಗೆ ಕೂತು ಹೋಗುವುದು ನನಗೆ ಚಿಕ್ಕಂದಿನಿಂದ ಇಷ್ಟ. ಪೂಜೆಗೆ ಕೂತವರ ಹಾಗೇ ಕಾಣುತ್ತಾರೆ.

ಪಕ್ಕದಲ್ಲೇ ಅಜ್ಜನ ಗದ್ದಿಗೆ, ಅದರಾಚೆ ಮುತ್ತಜ್ಜನದು. ‘ನಮ್ಮ ಹೊಲ, ನಮ್ಮ ಮಣ್ಣು, ಯಾರ ಹಂಗೂ ಇಲ್ಲ’ ಅಂದರು ಯಾರೋ. ನಾನೂ ಹೂಂ ಅಂದೆ.

ಎಲ್ಲ ಮುಗಿದ ಮೇಲೆ ಕುಣಿ ತೋಡಿದವನ ಜೊತೆ ಚಹಾ ಕುಡಿಯುತ್ತಾ ನಿಂತೆ. ಅವನಿಗೆ ಹೊಲವಿಲ್ಲ. ‘ನಿಮ್ಮಪ್ಪನ್ನ ಎಲ್ಲಿ ಮಣ್ಣು ಮಾಡಿದಿರಿ?’ ಅಂತ ಸುಮ್ನೆ ಕೇಳಿದೆ. ‘ಹಳ್ಳದ ದಂಡಿಗೆ ರೀ. ಎರಡು ಮಳಿಗಾಲಕ್ಕ ಗುರ್ತೂ ಹೋತು’ ಅಂದ. ಅವರ ಕೇರಿಯವರಿಗೆಲ್ಲ ಅದೇ ಜಾಗ. ಹಳ್ಳಕ್ಕೆ ನೀರು ಬಂದಾಗ ಸಾವಾದರೆ ರಸ್ತೆ ಪಕ್ಕ.

ಅಲ್ಲಿಂದ ನನ್ನ ತಲೆ ಕೆಟ್ಟಿದೆ. ನಾವು ಪದ್ಧತಿ ಅಂತ ಹೆಮ್ಮೆ ಪಡುವುದರಲ್ಲಿ ಪಹಣಿಯ ಪಾಲೇ ಜಾಸ್ತಿ, ಅಲ್ವಾ? ಮಂತ್ರ, ವಿಭೂತಿ ಆಮೇಲಿನ ಮಾತು. ಮೊದಲು ಮೂರು ಹೆಜ್ಜೆ ನೆಲ ಬೇಕು.

ಗಂಗಾವತಿಯಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿ ಹಿರೇಬೆಣಕಲ್ ಇದೆ. ಗುಡ್ಡದ ಮೇಲೆ 2,000 ವರ್ಷಕ್ಕೂ ಹಿಂದಿನ, ನೂರಾರು ಕಲ್ಲು ಗೋರಿಗಳು. ದಪ್ಪ ಚಪ್ಪಡಿಗಳ ಗೋಡೆ, ಮೇಲೊಂದು ಚಪ್ಪಡಿ, ಕೆಲವಕ್ಕೆ ದುಂಡನೆ ಕಿಂಡಿ. ಜನ ಅವನ್ನು ಮೋರ್ಯರ ಮನೆ ಅಂತಾರೆ. ಕುಳ್ಳರು ಕಟ್ಟಿಕೊಂಡ ಮನೆಗಳಂತೆ! 1835ರಲ್ಲಿ ಮೆಡೋಸ್ ಟೇಲರ್ ಎಂಬ ಬ್ರಿಟಿಷ್ ಅಧಿಕಾರಿ ನೋಡಿ ಬರೆದಿಟ್ಟ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೂ ಸೇರಿತು. ಒಳ್ಳೆಯದೇ. ಅಲ್ಲೂ ಕೆಲವು ಆಳೆತ್ತರಕ್ಕಿಂತ ದೊಡ್ಡವು, ಕೆಲವು ಮೊಣಕಾಲಿನಷ್ಟು. ಆಗಲೂ ನೆಲವಿದ್ದವರು, ಇಲ್ಲದವರು ಇದ್ದರೋ ಏನೋ.

ಅಷ್ಟು ಹಳೆಯ ಗೋರಿಗೆ ಬೇಲಿ ಬೇಕು ಅನ್ನುವ ನಾವು, ಊರಲ್ಲಿ ಜಾತಿಗೊಂದು ಸ್ಮಶಾನ ಇರುವುದನ್ನು, ಕೆಲವರಿಗೆ ಅದೂ ಇಲ್ಲದ್ದನ್ನು ಗಮನಿಸುವುದಿಲ್ಲ. ನನ್ನ ಮಾತು ಇಷ್ಟೇ: ಊರಿಗೊಂದೇ ರುದ್ರಭೂಮಿ ಇರಲಿ. ನೀರು, ನೆರಳು, ದಾರಿ ಇರಲಿ. ಯಾರು ಕೂರಲಿ, ಯಾರು ಮಲಗಲಿ, ಅವರವರ ಪದ್ಧತಿ. ಹೊಲದ ಗದ್ದಿಗೆ ಬಿಟ್ಟು ನಾನೂ ಅಲ್ಲಿಗೇ ಹೋಗಲು ತಯಾರಿದ್ದೇನೆ.

ಇದನ್ನು ಮನೆಯಲ್ಲಿ ಹೇಳಿದೆ. ದೊಡ್ಡಮ್ಮ ಕಣ್ಣೊರೆಸಿಕೊಂಡು, ‘ನನ್ನ ಮಾತ್ರ ಅವರ ಬಾಜೂಕ ಇಡ್ರೆಪ್ಪಾ, ಆಮ್ಯಾಲೆ ಏನರ ಮಾಡ್ಕೋರಿ’ ಅಂದರು. ಅದಕ್ಕೆ ಏನು ಹೇಳಬೇಕೋ ನನಗೆ ತೋಚಲಿಲ್ಲ.