ಬ್ರೋಲಿಯೊ ತೋಟದ ಲೆಕ್ಕ, ನಮ್ಮ ತೋಟದ ಲೆಕ್ಕ

ಇಟಲಿಯ ಟಸ್ಕನಿ ಸೀಮೆಯ ಸಾಂಜೊವೇಸೆ ದ್ರಾಕ್ಷಿ ಸುಲಭಕ್ಕೆ ಬಗ್ಗುವ ಜಾತಿಯಲ್ಲ. ಸಿಪ್ಪೆ ತೆಳು, ಬಣ್ಣ ಕಡಿಮೆ, ಹುಳಿ ಜಾಸ್ತಿ, ಒಗರು ಒರಟು. ಮಾಗುವುದೂ ತಡ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ. ಆ ಹೊತ್ತಿಗೆ ನಾಲ್ಕು ದಿನ ಮಳೆ ಹಿಡಿದರೆ ಗೊಂಚಲಿನ ಒಳಗಿಂದ ಬೂದುಬಣ್ಣದ ಕೊಳೆ ಶುರುವಾಗುತ್ತದೆ. ಬಳ್ಳಿಯನ್ನು ಅದರ ಪಾಡಿಗೆ ಬಿಟ್ಟರೆ ತಾಳಲಾರದಷ್ಟು ಕಾಯಿ ಹೊರುತ್ತದೆ. ಆ ವರ್ಷದ ವೈನ್ ನೀರು ನೀರು. ಇಂಥ ದ್ರಾಕ್ಷಿಯನ್ನು ನಂಬಿಕೊಂಡು ಸಿಯೆನಾ ಜಿಲ್ಲೆಯ ಗಾಯೊಲೆ ಊರಿನ ಹತ್ತಿರ ಬ್ರೋಲಿಯೊ ಕೋಟೆಯ ರಿಕಾಸೊಲಿ ಮನೆತನ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡು ಬಂದಿದೆ. ಕೋಟೆ ಇವರ ಕೈಗೆ ಬಂದದ್ದು 1141ರಲ್ಲಿ. ಇಂದು ಸುಮಾರು 1,200 ಹೆಕ್ಟೇರ್ ಜಮೀನು, ಅದರಲ್ಲಿ ಸುಮಾರು 240 ಹೆಕ್ಟೇರ್ ದ್ರಾಕ್ಷಿ. ಉಳಿದದ್ದರಲ್ಲಿ ಆಲಿವ್ ಮರಗಳು ಒಂದಿಷ್ಟು, ಕಾಡು ಬಹಳಷ್ಟು.

ನಮ್ಮವರು ಪ್ರವಾಸಕ್ಕೆ ಬಂದರೆ ಕೋಟೆ ನೋಡಿ ಎಂಟುನೂರು ಚಿಲ್ಲರೆ ವರ್ಷದ ಲೆಕ್ಕ ಕೇಳಿ ಬೆರಗಾಗುತ್ತಾರೆ. ನನ್ನ ಮಟ್ಟಿಗೆ ನಮ್ಮ ದ್ರಾಕ್ಷಿ ಬೆಳೆಗಾರರಿಗೆ ಇಲ್ಲಿಂದ ಉಪಯೋಗಕ್ಕೆ ಬರುವ ಇಸವಿಗಳು ಎರಡು: 1872 ಮತ್ತು 1993.

1872ರ ಸೆಪ್ಟೆಂಬರ್ 26ರಂದು ಬೆತ್ತೀನೊ ರಿಕಾಸೊಲಿ ಪೀಸಾ ವಿಶ್ವವಿದ್ಯಾಲಯದ ಪ್ರೊಫೆಸರ್ ಚೇಸರೆ ಸ್ತುದಿಯಾತಿ ಅವರಿಗೆ ಒಂದು ಪತ್ರ ಬರೆದರು. ಈ ಬೆತ್ತೀನೊ ಏಕೀಕೃತ ಇಟಲಿಯ ಎರಡನೆಯ ಪ್ರಧಾನಿ, ಜನ ಕರೆಯುತ್ತಿದ್ದದ್ದು ಉಕ್ಕಿನ ಬ್ಯಾರನ್ ಎಂದು. ವರ್ಷಗಟ್ಟಲೆ ಪ್ರಯೋಗ ಮಾಡಿ ಕಂಡದ್ದನ್ನು ಪತ್ರದಲ್ಲಿ ಬಿಡಿಸಿ ಹೇಳಿದ್ದಾರೆ. ವೈನಿಗೆ ಮುಖ್ಯ ಪರಿಮಳ ಮತ್ತು ಕಸುವು ಕೊಡುವುದು ಸಾಂಜೊವೇಸೆ. ಅದರ ಒರಟುತನವನ್ನು, ಪರಿಮಳ ಕೆಡಿಸದೆ, ತಗ್ಗಿಸುವುದು ಕನಾಯೊಲೊ. ಮಾಲ್ವಸೀಯ ಎಂಬ ಬಿಳಿ ದ್ರಾಕ್ಷಿ ವೈನನ್ನು ಹಗುರ ಮಾಡಿ ದಿನನಿತ್ಯದ ಊಟಕ್ಕೆ ಒಗ್ಗಿಸುತ್ತದೆ. ವರ್ಷಗಳ ಕಾಲ ಇಡುವ ವೈನಿಗೆ ಅದನ್ನು ಹಾಕದಿರುವುದೇ ಮೇಲು. ಪ್ರತಿ ದ್ರಾಕ್ಷಿ ಯಾಕೆ, ಯಾವಾಗ ಬೇಡ ಎಂದು ಕಾರಣ ಸಮೇತ ಬರೆದಿಟ್ಟದ್ದು ಈ ಪತ್ರದ ಬೆಲೆ.

ಮುಂದೆ ಸರ್ಕಾರ ಕಾಯಿದೆ ಮಾಡುವಾಗ ಕಾರಣ ಕಳಚಿಹೋಗಿ ಪಾಕವಿಧಾನ ಮಾತ್ರ ಉಳಿಯಿತು. 1967ರ ನಿಯಮ ಈ ಸೀಮೆಯ ಕೆಂಪು ವೈನಾದ ಕಿಯಾಂತಿಗೆ ಶೇ. 10ರಿಂದ 30ರಷ್ಟು ಬಿಳಿ ದ್ರಾಕ್ಷಿ ಹಾಕಲೇಬೇಕೆಂದಿತು. ಪತ್ರದಲ್ಲಿ ಹೆಸರೇ ಇಲ್ಲದ ತ್ರೆಬ್ಬಿಯಾನೊ ಎಂಬ ಸಪ್ಪೆ ದ್ರಾಕ್ಷಿಯೂ ಈ ಲೆಕ್ಕದಲ್ಲಿ ಸೇರಿಕೊಂಡಿತು. ಮೊದಲೇ ಬಣ್ಣ ಕಡಿಮೆಯಿರುವ ಕೆಂಪು ವೈನಿಗೆ ಬಿಳಿ ರಸ ಸುರಿದರೆ ಏನಾಗಬೇಕೋ ಅದೇ ಆಯಿತು: ಎರಡು ಮೂರು ವರ್ಷಕ್ಕೇ ವೈನ್ ಕಂದು ತಿರುಗಿ ಸೊರಗುತ್ತಿತ್ತು. ಕಿಯಾಂತಿಯ ಹಳೆಯ ನಡುಭಾಗದಲ್ಲಿ, ಬ್ರೋಲಿಯೊ ಇರುವಲ್ಲಿ, ಆಗುವ ಕಿಯಾಂತಿ ಕ್ಲಾಸಿಕೊ ವೈನನ್ನು ಪೂರ್ತಿ ಸಾಂಜೊವೇಸೆಯಿಂದಲೇ ಮಾಡಬಹುದು ಎಂಬ ಅನುಮತಿ ಸಿಕ್ಕಿದ್ದು 1996ರಲ್ಲಿ. ಬಿಳಿ ದ್ರಾಕ್ಷಿ ಸೇರಿಸಲೇಬಾರದು ಎಂಬ ನಿಯಮ ಬಂದದ್ದು 2006ರ ಕೊಯ್ಲಿನಿಂದ. ಬ್ಯಾರನ್ ಕಂಡುಕೊಂಡದ್ದು ಕಾಯಿದೆಯ ಪುಸ್ತಕಕ್ಕೆ ಬರಲು ನೂರಮೂವತ್ತು ವರ್ಷ ಹಿಡಿಯಿತು.

ಈ ನಡುವೆ ಮನೆತನವೇ ಒಂದು ದೊಡ್ಡ ತಪ್ಪು ಮಾಡಿತು. 1970ರ ದಶಕದ ಆರಂಭದಲ್ಲಿ ಜಮೀನು, ಕೋಟೆ ಉಳಿಸಿಕೊಂಡು ವೈನಿನ ಹೆಸರನ್ನು ಸೀಗ್ರಾಂ ಎಂಬ ಮದ್ಯದ ಕಂಪನಿಗೆ ಮಾರಿದರು. ಹೆಸರು ಒಬ್ಬರದು, ಬಳ್ಳಿ ಇನ್ನೊಬ್ಬರದು ಆದಾಗ ಎಲ್ಲೆಡೆ ಆಗುವುದೇ ಇಲ್ಲೂ ಆಯಿತು. ಹೆಸರಿನವರಿಗೆ ಬಾಟಲಿಯ ಸಂಖ್ಯೆ ಮುಖ್ಯ. ಬಳ್ಳಿಯವರಿಗೆ ಟನ್ನಿನ ಲೆಕ್ಕ ಮುಖ್ಯ. ಒಳಗಿರುವ ವೈನ್ ಯಾರಿಗೂ ಸೇರದ ಕೂಸು. 1993ರಲ್ಲಿ ಫ್ರಾಂಚೆಸ್ಕೊ ರಿಕಾಸೊಲಿ ಹೆಸರನ್ನು ಮರಳಿ ಕೊಂಡರು, ಆಮೇಲೆ ಹಳೆಯ ತೋಟಗಳನ್ನು ಕಿತ್ತು ಹೊಸದಾಗಿ ನೆಡಿಸತೊಡಗಿದರು. ಹೆಕ್ಟೇರಿಗೆ ಆರು ಸಾವಿರದ ಆಸುಪಾಸು ಬಳ್ಳಿ, ಬ್ರೋಲಿಯೊದ್ದೇ ಹಳೆಯ ಬಳ್ಳಿಗಳಿಂದ ಆರಿಸಿದ ಸಾಂಜೊವೇಸೆ ತಳಿ, ಎಲ್ಲಕ್ಕಿಂತ ಮುಖ್ಯವಾಗಿ ಇಡೀ ಎಸ್ಟೇಟಿನ ಮಣ್ಣಿನ ನಕ್ಷೆ. ಗುಂಡಿ ತೋಡಿ, ಪದರ ಪದರ ನೋಡಿ, 19 ಬಗೆಯ ಮಣ್ಣು ಗುರುತಿಸಿದರು.

ಈ ನಕ್ಷೆಯ ಫಲವನ್ನು ಮೂರು ಬಾಟಲಿಗಳಲ್ಲಿ ನಾಲಿಗೆಯಿಂದಲೇ ಪರೀಕ್ಷಿಸಬಹುದು. ಕೊಲ್ಲೆದಿಲಾ, ರೊಂಚಿಕೊನೆ, ಚೆನಿಪ್ರಿಮೊ: ಮೂರೂ ಒಂದೇ ಎಸ್ಟೇಟಿನವು, ಮೂರೂ ಬರೀ ಸಾಂಜೊವೇಸೆ, ಮೂರೂ ಕಿಯಾಂತಿ ಕ್ಲಾಸಿಕೊದಲ್ಲಿ ಎಲ್ಲಕ್ಕೂ ಮೇಲಿನ ಗ್ರಾನ್ ಸೆಲೆತ್ಸಿಯೋನೆ ದರ್ಜೆ. ಈ ದರ್ಜೆಗೆ ಸ್ವಂತ ತೋಟದ ದ್ರಾಕ್ಷಿಯೇ ಆಗಿರಬೇಕು, ಮಾರುವ ಮುನ್ನ ಕನಿಷ್ಠ 30 ತಿಂಗಳು ಮಾಗಿಸಿರಬೇಕು. ಕೊಲ್ಲೆದಿಲಾ ತಾಕಿನದು ಸುಣ್ಣಕಲ್ಲು ಬೆರೆತ ಜೇಡಿ. ವೈನ್ ಬಿಗಿ, ಒಗರು ನೇರ. ರೊಂಚಿಕೊನೆ ಹಿಂದೊಮ್ಮೆ ಸಮುದ್ರದ ತಳವಾಗಿದ್ದ ಮರಳು ಮಿಶ್ರ ನೆಲ. ಪರಿಮಳ ಬೇಗ ಬಿಚ್ಚಿಕೊಳ್ಳುತ್ತದೆ. ಚೆನಿಪ್ರಿಮೊ ಹಳೆಯ ನದಿಯೊಂದು ಹಾಸಿಹೋದ ಮೆಕ್ಕಲು, ಕಲ್ಲು ಕಡಿಮೆ, ವೈನ್ ಮೆತ್ತಗೆ. ಹೊಸದಾಗಿ ಕುಡಿಯುವವರು ರೊಂಚಿಕೊನೆಯಿಂದ ಶುರು ಮಾಡುವುದು ಒಳ್ಳೆಯದು. ಕೊಲ್ಲೆದಿಲಾ ತೆಗೆಯುವುದಾದರೆ ಒಂದೆರಡು ಗಂಟೆ ಮೊದಲೇ ಅಗಲ ಬಾಯಿಯ ಜಗ್ಗಿಗೆ ಸುರಿದು ಗಾಳಿಯಾಡಿಸಿ, 17–18 ಡಿಗ್ರಿಯಲ್ಲಿ ಬಡಿಸಿ. ಬೆಂಗಳೂರಿನ ಬೇಸಿಗೆಯ ಕೋಣೆಯ ಬಿಸಿಯಲ್ಲಿ ಆಲ್ಕೋಹಾಲ್ ಮೂಗಿಗೆ ಹೊಡೆದು ಉಳಿದದ್ದೆಲ್ಲ ಮುಚ್ಚಿಹೋಗುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆದರೆ ಸರಿಹೋಗುತ್ತದೆ.

ವೈನ್ ಮಾಡುವ ಕೆಲಸದಲ್ಲಿ ಗುಟ್ಟೇನೂ ಇಲ್ಲ, ಎಚ್ಚರ ತಪ್ಪಬಾರದು ಅಷ್ಟೆ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ. 1ರಷ್ಟು ಆಲ್ಕೋಹಾಲ್. ಹುದುಗುವಾಗ ಸಿಪ್ಪೆಯೆಲ್ಲ ಮೇಲೆ ತೇಲಿ ದಪ್ಪನೆಯ ಹೊದಿಕೆಯಾಗುತ್ತದೆ. ತಳದ ರಸವನ್ನು ಪಂಪಿನಿಂದ ದಿನಕ್ಕೆ ಎರಡು ಮೂರು ಸಲ ಅದರ ಮೇಲೆ ಹರಿಸಬೇಕು. ಹರಿಸದಿದ್ದರೆ ಹೊದಿಕೆ ಒಣಗಿ, ನೊಣ ಕೂತು, ವಿನೆಗರ್ ಹಿಡಿಯುತ್ತದೆ. ಬಿಸಿ 24ರಿಂದ 28 ಡಿಗ್ರಿಯೊಳಗಿದ್ದರೆ ಕ್ಷೇಮ. 35 ದಾಟಿತೋ, ಯೀಸ್ಟ್ ಸಾಯುತ್ತದೆ, ಸಕ್ಕರೆ ಅರ್ಧಕ್ಕೇ ನಿಲ್ಲುತ್ತದೆ, ಉಳಿದ ಸಕ್ಕರೆಯನ್ನು ಬ್ಯಾಕ್ಟೀರಿಯಾ ತಿಂದು ಹುಳಿ ಮಾಡುತ್ತವೆ. ಹಿಂಡುವಾಗ ಬೀಜ ಒಡೆದರೆ ಬಂದ ಕಹಿ ಮತ್ತೆ ಹೋಗುವುದಿಲ್ಲ. ಆಮೇಲೆ ಓಕ್ ಪೀಪಾಯಿಯಲ್ಲಿ ಮಾಗಿಸುವುದು. ಮರದ ಮೂಲಕ ವೈನ್ ಆರುತ್ತಾ ಹೋಗುವುದರಿಂದ ಪೀಪಾಯಿಯ ತಲೆಯಲ್ಲಿ ಜಾಗ ಬಿಡುತ್ತದೆ. ಒಂದೆರಡು ವಾರಕ್ಕೊಮ್ಮೆ ಅದೇ ವೈನಿನಿಂದ ಬಾಯಿಮಟ್ಟ ತುಂಬಬೇಕು. ಉಪ್ಪಿನಕಾಯಿ ಭರಣಿಯಲ್ಲಿ ಎಣ್ಣೆ ಹೋಳಿನ ಮೇಲೆ ನಿಂತಿರಬೇಕು ಎಂದು ನಮ್ಮ ಮನೆಗಳಲ್ಲಿ ನೋಡಿಕೊಳ್ಳುವುದೂ ಇದೇ ಕಾರಣಕ್ಕೆ: ಗಾಳಿ ತಾಗಿದಲ್ಲಿ ಬೂಷ್ಟು.

ಈಗ ನಮ್ಮ ಕಡೆಗೆ ಬರೋಣ. ಟಸ್ಕನಿಯ ಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ಮಲಗುತ್ತದೆ. ಆಗ ವರ್ಷಕ್ಕೊಂದೇ ಸಲ ಸವರುತ್ತಾರೆ. ನಮ್ಮಲ್ಲಿ ಬಳ್ಳಿ ಮಲಗುವುದೇ ಇಲ್ಲ. ಹಾಗಾಗಿ ಏಪ್ರಿಲ್ ಚಾಟ್ನಿಯಲ್ಲಿ, ಅಂದರೆ ಬಳ್ಳಿ ಕತ್ತರಿಸುವಾಗ, ಕಡ್ಡಿ ತಯಾರು ಮಾಡಿ, ಅಕ್ಟೋಬರ್ ಚಾಟ್ನಿಯಲ್ಲಿ ಕಾಯಿಗೆ ಬಿಟ್ಟು, ಕಡ್ಡಿಯ ಕಣ್ಣು (ಮೊಗ್ಗು) ಒಡೆಯಲು ಔಷಧಿ ಹಚ್ಚಿ, ಫೆಬ್ರವರಿಯಿಂದ ಏಪ್ರಿಲಿನೊಳಗೆ ಕೊಯ್ಯುತ್ತೇವೆ. ಟಸ್ಕನಿಯಲ್ಲಿ ಹಣ್ಣು ತಂಪಿನತ್ತ ಮಾಗುತ್ತದೆ, ನಮ್ಮಲ್ಲಿ ಬಿಸಿಲಿನತ್ತ ಮಾಗುತ್ತದೆ. ರಾತ್ರಿ ಬೆಚ್ಚಗಿದ್ದರೆ ಹಣ್ಣು ತನ್ನ ಹುಳಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಸಕ್ಕರೆ ಏರಿರುತ್ತದೆ, ಬೀಜ ಇನ್ನೂ ಹಸಿರಾಗಿರುತ್ತದೆ. ಆಗ ವೈನರಿಯಲ್ಲಿ ಟಾರ್ಟಾರಿಕ್ ಆಮ್ಲ ಸೇರಿಸಿ ಸರಿದೂಗಿಸಬೇಕಾಗುತ್ತದೆ. ಹುಳಿಯೇ ಸ್ವಭಾವವಾದ ಸಾಂಜೊವೇಸೆ ನಮ್ಮ ಬಿಸಿಲಿಗೆ ಹೊಂದುತ್ತದೆ ಎಂದು ನಾನು ನಂಬುವುದು ಇದೇ ಕಾರಣಕ್ಕೆ. ಹಂಪಿ ಬೆಟ್ಟಗಳ ಕಡೆಯ ಕೃಷ್ಮಾ ತೋಟದವರು ಸಾಂಜೊವೇಸೆ ಬಾಟಲಿ ತಂದಿದ್ದಾರೆ. ನಮ್ಮ ಗಡಿಯಾಚೆ ಸೊಲ್ಲಾಪುರ ಜಿಲ್ಲೆಯ ಅಕ್ಲೂಜಿನಲ್ಲಿ ಫ್ರಾತೆಲ್ಲಿ ವೈನರಿಯವರು ಟಸ್ಕನಿಯ ವೈನ್ ತಜ್ಞರನ್ನೇ ಇಟ್ಟುಕೊಂಡು ಇದನ್ನು ಬೆಳೆಸಿದ್ದಾರೆ. ಬಳ್ಳಿ ಬಂದಾಗಿದೆ. ಬಾರದಿರುವುದು ಲೆಕ್ಕ ಇಡುವ ಪದ್ಧತಿ.

ಇಳುವರಿಯನ್ನೇ ನೋಡಿ. ಕಿಯಾಂತಿ ಕ್ಲಾಸಿಕೊ ನಿಯಮದಲ್ಲಿ ಹೆಕ್ಟೇರಿಗೆ 7.5 ಟನ್ ಮಿತಿ, ಅಂದರೆ ಎಕರೆಗೆ 3 ಟನ್, ಬಳ್ಳಿಗೆ ಒಂದು ಕಿಲೋಗಿಂತ ತುಸು ಹೆಚ್ಚು. ಮಿತಿ ಮೀರುವಂತಿದ್ದರೆ ಬೇಸಿಗೆಯಲ್ಲೇ ಹಸಿ ಗೊಂಚಲು ಕತ್ತರಿಸಿ ನೆಲಕ್ಕೆ ಹಾಕುತ್ತಾರೆ. ವಿಜಯಪುರದಲ್ಲಿ ಥಾಮ್ಸನ್ ಎಂಬ ಬೀಜವಿಲ್ಲದ ದ್ರಾಕ್ಷಿಯ ತೋಟದಲ್ಲಿ ಹೆಕ್ಟೇರಿಗೆ 20 ಟನ್ ಮೀರುವುದು ಸಾಮಾನ್ಯ. ತಿನ್ನುವ ಹಣ್ಣಿಗೆ, ಒಣದ್ರಾಕ್ಷಿಗೆ ಅದು ಸರಿಯಾದ ಲೆಕ್ಕವೇ. ತಪ್ಪಾಗುವುದು ಅದೇ ಕೈ, ಅದೇ ನೀರು, ಅದೇ ಗೊಬ್ಬರ ವೈನ್ ದ್ರಾಕ್ಷಿಗೂ ಹೋದಾಗ.

ಒಣಗಿಸುವುದರಲ್ಲಿ ನಮ್ಮವರು ಟಸ್ಕನಿಯವರಿಗಿಂತ ಒಂದು ಕೈ ಮೇಲು, ಇದನ್ನು ಸಂತೋಷದಿಂದಲೇ ಹೇಳುತ್ತೇನೆ. ದ್ರಾಕ್ಷಿಯ ಮೈಮೇಲಿನ ಬಿಳಿ ಪುಡಿಯಂಥ ಮೇಣ ನೀರನ್ನು ಹೊರಗೆ ಬಿಡುವುದಿಲ್ಲ. ವಿಜಯಪುರದ ರೈತರು 100 ಲೀಟರ್ ನೀರಿಗೆ ಸುಮಾರು ಎರಡೂವರೆ ಕಿಲೋ ಪೊಟ್ಯಾಸಿಯಂ ಕಾರ್ಬೊನೇಟ್, ಒಂದೂವರೆ ಲೀಟರ್ ಡಿಪ್ಪಿಂಗ್ ಆಯಿಲ್ ಕಲಸಿ, ಗೊಂಚಲನ್ನು ಕೆಲವೇ ನಿಮಿಷ ಅದ್ದಿ ಆ ಮೇಣವನ್ನು ಸಡಿಲಿಸುತ್ತಾರೆ. ಶೆಡ್ಡಿನ ನೆರಳಿನಲ್ಲಿ ಜಾಲರಿಯ ಮೇಲೆ ಹರವಿದರೆ ಎರಡು ವಾರದಲ್ಲಿ ಒಣದ್ರಾಕ್ಷಿ ಸಿದ್ಧ. ನಾಲ್ಕು ಕಿಲೋ ಹಣ್ಣಿಗೆ ಹೆಚ್ಚು ಕಡಿಮೆ ಒಂದು ಕಿಲೋ. ನಡುವೆ ಅಕಾಲ ಮಳೆ ಬಂದರೆ ಕಾಯಿ ಕಪ್ಪಾಗಿ ಬೆಲೆ ಬಿದ್ದುಹೋಗುತ್ತದೆ.

ಟಸ್ಕನಿಯವರು ವಿನ್ ಸಾಂತೊ ಎಂಬ ಸಿಹಿ ವೈನಿಗೆ ಮಾಲ್ವಸೀಯ, ತ್ರೆಬ್ಬಿಯಾನೊ ಗೊಂಚಲುಗಳನ್ನು ಸೂರಿನ ಕೆಳಗೆ ತೂಗುಹಾಕಿಯೋ ಚಾಪೆಯ ಮೇಲೆ ಹರವಿಯೋ ಒಣಗಿಸುತ್ತಾರೆ. ಅದ್ದುವುದಿಲ್ಲ; ಮೇಣ ಇದ್ದಂತೆಯೇ ಮೂರು ತಿಂಗಳು, ಕೆಲವು ಕಡೆ ಅದಕ್ಕೂ ಹೆಚ್ಚು. ಕೊಳೆತ ಕಾಯಿಯನ್ನು ಒಂದೊಂದಾಗಿ ಕಿತ್ತು ತೆಗೆಯುವುದೇ ಚಳಿಗಾಲದ ಕೆಲಸ. ಹಿಂಡಿದ ದಪ್ಪ ರಸವನ್ನು ಕರಾತೆಲ್ಲಿ ಎಂಬ ಪುಟ್ಟ ಪೀಪಾಯಿಗೆ ತುಂಬಿ, ಹಿಂದಿನ ಸಲದ ವೈನ್ ತಳದಲ್ಲಿ ಬಿಟ್ಟ ಗಷ್ಟನ್ನು ಸೇರಿಸಿ ಮುಚ್ಚುತ್ತಾರೆ. ಆ ಗಷ್ಟಿಗೆ ಇವರು ಕೊಟ್ಟ ಹೆಸರು ತಾಯಿ. ನಮಗೆ ಅದು ಹೆಪ್ಪು. ಬೇಸಿಗೆಯ ಸೆಕೆ, ಚಳಿಗಾಲದ ಕೊರೆತ ಎರಡೂ ತಾಗಲೆಂದೇ ಪೀಪಾಯಿಗಳನ್ನು ಅಟ್ಟದ ಮೇಲೆ ಇಡುತ್ತಾರೆ, ಕನಿಷ್ಠ ಎರಡು ವರ್ಷ. ಒಣಗಿಸುವ ಕಲೆ ನಮ್ಮಲ್ಲೂ ಇದೆಯಲ್ಲ, ಥಾಮ್ಸನ್ ದ್ರಾಕ್ಷಿಯಿಂದಲೇ ಹೀಗೆ ಮಾಡಬಾರದೇ ಎಂದು ಕೇಳುವವರಿಗೆ ನನ್ನ ಉತ್ತರ: ಬೇಡ. ಆ ಹಣ್ಣಿನಲ್ಲಿ ಹುಳಿ ಸಾಲದು, ಪರಿಮಳ ಇನ್ನೂ ಕಡಿಮೆ; ಬೆಲ್ಲದ ಪಾಕದಂತೆ ಗಂಟಲಿಗೆ ಹಿಡಿಯುತ್ತದೆ. ಹುಳಿ ಗಟ್ಟಿಯಾಗಿರುವ ಶೆನಿನ್ ಬ್ಲಾಂಕ್ ಬಳ್ಳಿಯಲ್ಲಿ ಪ್ರಯತ್ನಿಸಲಿ.

ಬ್ರೋಲಿಯೊದಿಂದ ತರಬೇಕಾದದ್ದು ಒಂದು ನೋಟ್‌ಬುಕ್. ತೋಟವನ್ನು ಮಣ್ಣಿನ ಪ್ರಕಾರ ತಾಕುಗಳಾಗಿ ಹಂಚಿ ಹೆಸರಿಡಿ. ಎರೆ, ಮಸಾರಿ ಎಂಬ ಭೇದ ನಮ್ಮ ರೈತರಿಗೆ ಕಣ್ಣಿಗೇ ಗೊತ್ತು. ಪ್ರತಿ ತಾಕಿಗೆ ಚಾಟ್ನಿಯ ದಿನ, ಕಡ್ಡಿಗೆ ಬಿಟ್ಟ ಕಣ್ಣು, ಬಳ್ಳಿಗೆ ನಿಂತ ಗೊಂಚಲು, ಕೊಯ್ಲಿಗೆ ಮೂರು ವಾರ ಮುಂಚಿನಿಂದ ವಾರಕ್ಕೆರಡು ಸಲ ಬ್ರಿಕ್ಸ್ (ರಸದ ಸಕ್ಕರೆಯ ಅಳತೆ) ಮತ್ತು ಪಿಎಚ್ (ಹುಳಿಯ ಅಳತೆ, ಇದು ಏರಿದಷ್ಟೂ ಹುಳಿ ಕಡಿಮೆ), ಕೊನೆಗೆ ತೂಕ. ಬ್ರಿಕ್ಸ್ 24ರ ಹತ್ತಿರ ಬಂದರೂ ಬೀಜ ಕಚ್ಚಿದಾಗ ಹಸಿರು ಒಗರು ಇದ್ದರೆ ಇನ್ನೂ ಕಾಯಬೇಕು, ಪಿಎಚ್ 3.6 ದಾಟುತ್ತಿದ್ದರೆ ಕಾಯಬಾರದು. ತಾಕು ತಾಕಿನ ರಸ ಬೇರೆ ಬೇರೆ ಟ್ಯಾಂಕಿಗೆ ಹೋಗಲಿ. ಒಂದೇ ಟ್ಯಾಂಕಿಗೆ ಸುರಿದರೆ ಯಾವ ಮಣ್ಣು ಏನು ಕೊಟ್ಟಿತು ಎಂದು ಯಾವ ಕಾಲಕ್ಕೂ ತಿಳಿಯುವುದಿಲ್ಲ.

ಇದಕ್ಕೆ ಅಡ್ಡಿ ರೈತರ ಸೋಮಾರಿತನ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಬ್ರೋಲಿಯೊದಲ್ಲಿ ಬಳ್ಳಿ, ಪೀಪಾಯಿ, ಹೆಸರು ಮೂರೂ ಒಂದೇ ಮನೆಯವು. ಗೊಂಚಲು ಕತ್ತರಿಸಿದ ನಷ್ಟ ಬಾಟಲಿಯ ಬೆಲೆಯಲ್ಲಿ ವಾಪಸು ಬರುತ್ತದೆ. ದ್ರಾಕ್ಷಿಯನ್ನು ಕಿಲೋ ಲೆಕ್ಕದಲ್ಲಿ ಮಾರುವವರಿಗೆ ಕೊನೆಯ ವಾರ ನೀರು ಬಿಟ್ಟು ಕಾಯಿ ಉಬ್ಬಿಸುವುದೇ ಲಾಭ, ಬ್ರಿಕ್ಸ್ ಇಳಿದರೆ ಅದು ಕೊಂಡವರ ತಲೆನೋವು. ಕೊಯ್ಲಿಗೆ ಎರಡು ವಾರ ಮುಂಚೆ ನೀರು ನಿಲ್ಲಿಸಿ, ಎಕರೆಗೆ 3 ಟನ್ನಿಗೆ ತೃಪ್ತಿಪಡುವ ರೈತರಿಗೆ ತೂಕದಲ್ಲಿ ಕಳೆದುಕೊಂಡ ಹಣವನ್ನು ಬ್ರಿಕ್ಸ್, ಪಿಎಚ್ ನೋಡಿ ತುಂಬಿಕೊಡುವ ಒಪ್ಪಂದವನ್ನು ವೈನರಿಯವರು ಅಕ್ಟೋಬರ್ ಚಾಟ್ನಿಗೆ ಮೊದಲೇ ಕಾಗದದ ಮೇಲೆ ಬರೆದುಕೊಡಬೇಕು. ಕತ್ತರಿ ಹಿಡಿಯುವ ಕೈ ಎಷ್ಟು ಕಣ್ಣು ಬಿಡಬೇಕೆಂದು ತೀರ್ಮಾನಿಸುವುದು ಆ ದಿನವೇ.