ಸೈಪ್ರಸ್ ಏಕೀಕರಣಕ್ಕೆ ‘ಬೇಡ’ ಎಂದವರು ಯಾರು?

‘ವಿಶ್ವಸಂಸ್ಥೆಯ ಸೈಪ್ರಸ್ ಏಕೀಕರಣ ಯೋಜನೆಯನ್ನು ತುರ್ಕಿ ಸೈಪ್ರಿಯಟರು ತಿರಸ್ಕರಿಸಿದರು’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. 2004ರ ಏಪ್ರಿಲ್ 24ರಂದು ದ್ವೀಪದ ಎರಡೂ ಭಾಗಗಳಲ್ಲಿ ಪ್ರತ್ಯೇಕ ಜನಮತಗಣನೆ ನಡೆಯಿತು. ಉತ್ತರದ ತುರ್ಕಿ ಸೈಪ್ರಿಯಟರಲ್ಲಿ ಮತ ಹಾಕಿದ ಸುಮಾರು ಶೇ 65ರಷ್ಟು ಮಂದಿ ಒಪ್ಪಿದರು. ದಕ್ಷಿಣದ ಗ್ರೀಕ್ ಸೈಪ್ರಿಯಟರಲ್ಲಿ ಸುಮಾರು ಶೇ 76ರಷ್ಟು ಮಂದಿ ನಿರಾಕರಿಸಿದರು. ಎರಡೂ ಕಡೆ ಒಪ್ಪಿಗೆ ಸಿಕ್ಕರಷ್ಟೇ ಜಾರಿ ಎಂಬ ಷರತ್ತಿದ್ದುದರಿಂದ ಆಗಿನ ವಿಶ್ವಸಂಸ್ಥೆ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಅವರ ಈ ಯೋಜನೆ ಬಿದ್ದುಹೋಯಿತು. ಹಾಗೆಂದು ಗ್ರೀಕ್ ಸೈಪ್ರಿಯಟರನ್ನು ಶಾಂತಿಯ ವಿರೋಧಿಗಳೆಂದು ಜರೆಯುವುದೂ ಅನ್ಯಾಯವೇ. ತುರ್ಕಿ ಸೇನೆಯ ಉಪಸ್ಥಿತಿ, 1974ರಲ್ಲಿ ತುರ್ಕಿ ಸೇನೆ ನುಗ್ಗಿದಾಗ ಉತ್ತರದಲ್ಲಿ ಬಿಟ್ಟುಬಂದ ಮನೆಮಾರುಗಳ ಬಗೆಗಿನ ಅವರ ಆತಂಕ ಸುಳ್ಳಲ್ಲ. 2004ರ ಮೇ 1ರಂದು ಸೈಪ್ರಸ್ ವಿಭಜಿತ ಸ್ಥಿತಿಯಲ್ಲೇ ಐರೋಪ್ಯ ಒಕ್ಕೂಟ ಸೇರಿತು. ‘ಹೌದು’ ಎಂದಿದ್ದ ಉತ್ತರದಲ್ಲಿ ಒಕ್ಕೂಟದ ಕಾನೂನು ಜಾರಿಗೆ ಬರಲಿಲ್ಲ.